ಗಾಂಜಾ ಸೇವನೆಯ ಅಪಾಯ ತಗ್ಗಿಸುವ ಆಯ್ಕೆಗಳು: ಯಾವುದರಿಂದ ಎಷ್ಟು ಪ್ರಯೋಜನ?

ಗಾಂಜಾ ಸೇವನೆಯಲ್ಲಿ ಅಪಾಯವೇ ಇಲ್ಲದ ವಿಧಾನ ಯಾವುದೂ ಇಲ್ಲ. ಆರೋಗ್ಯಕ್ಕೆ ಆಗಬಹುದಾದ ಹಾನಿಯನ್ನು ಪೂರ್ತಿ ತಪ್ಪಿಸಬೇಕೆನ್ನುವವರಿಗೆ ಇರುವ ದಾರಿ ಸೇವಿಸದಿರುವುದೊಂದೇ. ಆದರೆ ಈಗಾಗಲೇ ಸೇವಿಸುತ್ತಿರುವವರಲ್ಲಿ ಸದ್ಯಕ್ಕೆ ಬಿಡುವ ಮನಸ್ಸಿಲ್ಲದವರೂ, ಬಿಡಲು ಯತ್ನಿಸಿ ಆಗದೆ ಉಳಿದವರೂ ಬಹಳ ಮಂದಿ ಇದ್ದಾರೆ. ಅವರೆಲ್ಲರ ಅಪಾಯವೂ ಒಂದೇ ಮಟ್ಟದ್ದಲ್ಲ. ಏನನ್ನು, ಎಷ್ಟು ಸಲ, ಯಾವ ರೀತಿಯಲ್ಲಿ, ಯಾವುದರ ಜೊತೆ ಸೇವಿಸುತ್ತಾರೆ ಎಂಬುದರ ಮೇಲೆ ಹಾನಿಯ ಪ್ರಮಾಣ ಬಹಳವಾಗಿ ಬದಲಾಗುತ್ತದೆ. ಈ ಹೋಲಿಕೆ ಅಂಥ ವಯಸ್ಕರಿಗಾಗಿ, ಅವರ ಬಗ್ಗೆ ಕಾಳಜಿಯಿರುವ ಮನೆಯವರಿಗಾಗಿ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಅದನ್ನು ಇಲ್ಲಿ ಚರ್ಚಿಸಿಲ್ಲ. ದೇಹ ಮತ್ತು ಮನಸ್ಸಿನ ಮೇಲಾಗುವ ಪರಿಣಾಮಕ್ಕಷ್ಟೇ ಬರಹ ಸೀಮಿತವಾಗಿದೆ.

ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ, ಸೇದುವುದಕ್ಕಿಂತ ತಿನ್ನುವುದು ಮೇಲೇ ಎಂಬುದು. ಪ್ರಶ್ನೆ ಸಹಜವಾದದ್ದೇ, ಆದರೆ ಮೊದಲು ಕೇಳಬೇಕಾದದ್ದು ಅದಲ್ಲ. ಕೆನಡಾದ ಸಂಶೋಧಕರ ಮುಂದಾಳತ್ವದಲ್ಲಿ 2011ರಲ್ಲಿ ಹೊರಬಂದು 2017ರಲ್ಲಿ ಪರಿಷ್ಕಾರಗೊಂಡ ‘ಕಡಿಮೆ ಅಪಾಯದ ಗಾಂಜಾ ಸೇವನೆ’ಯ ಮಾರ್ಗಸೂಚಿಗಳಲ್ಲಿ ಸೇವನೆಯ ವಿಧಾನ ಹಲವು ಅಂಶಗಳಲ್ಲಿ ಒಂದು ಮಾತ್ರ; ಆರಂಭಿಸುವ ವಯಸ್ಸು, ಸೇವನೆಯ ಆವರ್ತನ (ಎಷ್ಟು ಸಲ ಎಂಬುದು), ಮಾಲಿನ ಪ್ರಬಲತೆ (ಅಮಲೇರಿಸುವ ಅಂಶ ಎಷ್ಟಿದೆ ಎಂಬುದು) ಇವೂ ಅಷ್ಟೇ ಮುಖ್ಯವಾಗಿ ಅಲ್ಲಿ ಬರುತ್ತವೆ. ಒಂದನ್ನೇ ಬದಲಿಸಲು ಸಾಧ್ಯ ಎನ್ನುವವರಿಗೆ ನನ್ನ ಸಲಹೆಯ ಕ್ರಮ ಹೀಗಿದೆ: ಮೊದಲು ಆವರ್ತನ, ಆಮೇಲೆ ಪ್ರಬಲತೆ, ಕೊನೆಗೆ ವಿಧಾನ. ವಿಧಾನ ಬದಲಿಸುವುದರಿಂದ ಅಪಾಯ ಅನೇಕ ಸಲ ಕಡಿಮೆಯಾಗುವ ಬದಲು ಒಂದು ಅಂಗದಿಂದ ಇನ್ನೊಂದಕ್ಕೆ ವರ್ಗವಾಗುತ್ತದೆ ಅಷ್ಟೆ.

ದಿನನಿತ್ಯವೋ, ಅಪರೂಪಕ್ಕೋ

ಗಾಂಜಾದ ಅಮಲಿಗೆ ಮುಖ್ಯ ಕಾರಣವಾದ ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳಾದ ರಾಫೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ ಬೇರ್ಪಡಿಸಿ ಗುರುತಿಸಿದರು. ಅದು ಮೆದುಳಿನ ನರಕೋಶಗಳ ಮೇಲಿರುವ, ಸಂಕೇತಗಳನ್ನು ಹಿಡಿಯುವ ಸಿಬಿ1 ಎಂಬ ಗ್ರಾಹಕಗಳಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ದಿನವೂ ಸೇವಿಸುವವರಲ್ಲಿ ಈ ಗ್ರಾಹಕಗಳ ಲಭ್ಯತೆ ಕುಗ್ಗುತ್ತದೆ. ಹಾಗಾಗಿ ಮೊದಲಿನ ಅಮಲಿಗೆ ಮೊದಲಿನ ಪ್ರಮಾಣ ಸಾಲದಾಗುತ್ತದೆ. ಈ ಹಂತದಲ್ಲಿ ಸೇವಿಸುವವರ ಮುಂದೆ ಎರಡು ಆಯ್ಕೆಗಳಿರುತ್ತವೆ: ಪ್ರಮಾಣ ಹೆಚ್ಚಿಸುವುದು, ಇಲ್ಲವೇ ಬಿಡುವು ಕೊಡುವುದು. ಮೆದುಳಿನ ಸ್ಕ್ಯಾನ್ ಆಧರಿಸಿದ ಅಧ್ಯಯನಗಳ ಪ್ರಕಾರ, ಬಿಟ್ಟ ಎರಡು ದಿನಗಳಲ್ಲೇ ಗ್ರಾಹಕಗಳು ಚೇತರಿಸಿಕೊಳ್ಳಲು ಆರಂಭಿಸುತ್ತವೆ, ಸುಮಾರು ನಾಲ್ಕು ವಾರಗಳ ಹೊತ್ತಿಗೆ ಸೇವಿಸದವರ ಮಟ್ಟಕ್ಕೆ ಬಂದು ತಲುಪುತ್ತವೆ. ಹೀಗಿರುವಾಗ ಪ್ರಮಾಣ ಹೆಚ್ಚಿಸುತ್ತಾ ಹೋಗುವುದು ಹಣಕ್ಕೂ ಆರೋಗ್ಯಕ್ಕೂ ನಷ್ಟದ ಆಯ್ಕೆ. ಬಿಡುವಿನ ನಂತರ ಮತ್ತೆ ಸೇವಿಸುವವರು ಒಂದು ಎಚ್ಚರ ವಹಿಸಬೇಕು: ದೇಹದ ಸಹನೆ ಇಳಿದಿರುವುದರಿಂದ ಹಳೆಯ ಅಳತೆ ಈಗ ಅತಿಯಾಗುತ್ತದೆ.

ಮಾನಸಿಕ ಆರೋಗ್ಯದ ವಿಷಯದಲ್ಲಿ ಆವರ್ತನದ ಮಹತ್ವ ಇನ್ನೂ ಸ್ಪಷ್ಟವಾಗಿದೆ. ಯುರೋಪಿನ ಹಲವು ಕೇಂದ್ರಗಳನ್ನೂ ಬ್ರೆಜಿಲ್‌ನ ಒಂದನ್ನೂ ಒಳಗೊಂಡ, 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಂದೂ ಸೇವಿಸದವರಿಗೆ ಹೋಲಿಸಿದರೆ ದಿನವೂ ಸೇವಿಸುವವರಲ್ಲಿ ಸೈಕೋಸಿಸ್ ಕಾಣಿಸಿಕೊಳ್ಳುವ ಸಂಭವ ಸುಮಾರು ಮೂರು ಪಟ್ಟು ಇತ್ತು. ಟಿಎಚ್‌ಸಿ ಪ್ರಮಾಣ ಶೇ 10 ಅಥವಾ ಅದಕ್ಕಿಂತ ಹೆಚ್ಚಿರುವ ಮಾಲನ್ನು ದಿನವೂ ಸೇವಿಸುವವರಲ್ಲಿ ಅದು ಐದು ಪಟ್ಟಿನ ಸಮೀಪಕ್ಕೆ ಹೋಗಿತ್ತು. ಸೈಕೋಸಿಸ್ ಎಂದರೆ ಇಲ್ಲದ ದನಿಗಳು ಕೇಳಿಸುವುದು, ಯಾರೋ ತನ್ನ ಬೆನ್ನು ಹತ್ತಿದ್ದಾರೆಂಬ ಗಟ್ಟಿ ನಂಬಿಕೆ ಬೇರೂರುವುದು ಮೊದಲಾಗಿ ವಾಸ್ತವದ ಅರಿವು ಕದಡುವ ಸ್ಥಿತಿ. ಇಂಥ ಅಧ್ಯಯನಗಳು ತೋರಿಸುವುದು ಸಂಬಂಧವನ್ನು. ಸೇವಿಸಿದವರೆಲ್ಲರಿಗೂ ಹೀಗಾಗುತ್ತದೆಂದು ಅವು ಹೇಳುವುದಿಲ್ಲ. ಆದರೂ ಆವರ್ತನ ಮತ್ತು ಪ್ರಬಲತೆ ಏರಿದಂತೆ ಅಪಾಯವೂ ಏರುತ್ತದೆ ಎಂಬ ಕ್ರಮ ಉಪೇಕ್ಷಿಸುವಂಥದ್ದಲ್ಲ.

ಚಟದ ವಿಷಯದಲ್ಲೂ ಇದೇ ಕಥೆ. ಸೇವಿಸುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಅವಲಂಬನೆಗೆ ಬೀಳುತ್ತಾರೆ, ಹದಿಹರೆಯದಲ್ಲೇ ಆರಂಭಿಸಿದವರಲ್ಲಿ ಆರರಲ್ಲಿ ಒಬ್ಬರು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಇತ್ತೀಚಿನ ಅಂದಾಜುಗಳು ಇದಕ್ಕಿಂತ ಹೆಚ್ಚೇ ಇವೆ. ದಿನನಿತ್ಯದ ಸೇವನೆಯಲ್ಲಿ ಈ ಸಂಭವ ಗಣನೀಯವಾಗಿ ಏರುತ್ತದೆ. ವಾರಕ್ಕೆ ಒಂದು ಅಥವಾ ಎರಡು ದಿನಕ್ಕೆ ಮಿತಿಗೊಳಿಸುವುದು ಮಾರ್ಗಸೂಚಿಗಳು ಹೇಳುವ ಕಡಿಮೆ ಅಪಾಯದ ಮಟ್ಟ. ದಿನಕ್ಕೆ ಸ್ವಲ್ಪ ಸ್ವಲ್ಪ ಸೇವಿಸುವುದು ಮೇಲೋ, ವಾರಕ್ಕೊಮ್ಮೆ ಸೇವಿಸುವುದು ಮೇಲೋ ಎಂದರೆ, ಚಟದ ದೃಷ್ಟಿಯಿಂದ ಎರಡನೆಯದೇ ಮೇಲು. ಆದರೆ ವಾರದ್ದೆಲ್ಲವನ್ನೂ ಒಂದೇ ರಾತ್ರಿ ತೀರಿಸಿದರೆ ಗಾಬರಿ, ವಾಂತಿ, ಅಪಘಾತಗಳ ಸಾಧ್ಯತೆ ಅಲ್ಲಿಗೆ ಬಂದು ಸೇರಿಕೊಳ್ಳುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸುವುದು, ಇಲ್ಲದೆ ನಿದ್ದೆ ಬಾರದಿರುವುದು, ಒಬ್ಬರೇ ಕೂತು ಸೇವಿಸುವುದು ರೂಢಿಯಾಗುವುದು, ಇವು ಆವರ್ತನದ ಲೆಕ್ಕಕ್ಕಿಂತ ಮುಂಚೆಯೇ ಗಮನಿಸಬೇಕಾದ ಸೂಚನೆಗಳು.

ಸೌಮ್ಯವೋ, ಪ್ರಬಲವೋ

ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಟಿಎಚ್‌ಸಿ ಪ್ರಮಾಣ 1990ರ ದಶಕದ ನಡುವಿನಲ್ಲಿ ಸರಾಸರಿ ಶೇ 4ರಷ್ಟಿತ್ತು. 2014ರ ಹೊತ್ತಿಗೆ ಅದು ಶೇ 12ರಷ್ಟಾಗಿತ್ತು. ರಾಳದಿಂದ ಅಥವಾ ದ್ರಾವಕಗಳಿಂದ ತೆಗೆದ ಸಾಂದ್ರ ಪದಾರ್ಥಗಳಲ್ಲಿ ಇದು ಶೇ 60ನ್ನು ಮೀರುವುದುಂಟು. ಅಂದರೆ ‘ಒಂದು ಜಾಯಿಂಟ್’ (ಕಾಗದದಲ್ಲಿ ಸುತ್ತಿದ ಗಾಂಜಾ) ಎಂಬ ಅಳತೆಗೆ ಅರ್ಥವೇ ಉಳಿದಿಲ್ಲ. ಕಾಲು ಗ್ರಾಂ ಒಣ ಗಾಂಜಾ ಹೂವಿನಲ್ಲಿ ಶೇ 4ರ ಲೆಕ್ಕಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಇದ್ದರೆ, ಶೇ 16ರ ಲೆಕ್ಕಕ್ಕೆ 40 ಮಿಲಿಗ್ರಾಂ ಇರುತ್ತದೆ. ಸುಡುವಾಗ ಒಂದಷ್ಟು ನಾಶವಾಗಿ, ಒಂದಷ್ಟು ಹೊಗೆಯಲ್ಲಿ ಹಾರಿಹೋಗಿ, ಉಳಿದ ಭಾಗ ಮಾತ್ರ ರಕ್ತ ಸೇರುತ್ತದೆ ಎಂಬುದು ನಿಜವಾದರೂ, ಎರಡರ ನಡುವಿನ ಅನುಪಾತ ಬದಲಾಗುವುದಿಲ್ಲ. ಬೇರೆ ಬೇರೆ ಸಂಶೋಧನೆಗಳನ್ನು ಹೋಲಿಸಲು ಅನುಕೂಲವಾಗಲೆಂದು ಅಮೆರಿಕದ ರಾಷ್ಟ್ರೀಯ ಮಾದಕವ್ಯಸನ ಸಂಶೋಧನಾ ಸಂಸ್ಥೆ 2021ರಲ್ಲಿ 5 ಮಿಲಿಗ್ರಾಂ ಟಿಎಚ್‌ಸಿಯನ್ನು ಒಂದು ಪ್ರಮಾಣಿತ ಘಟಕವೆಂದು ಗೊತ್ತುಮಾಡಿತು. ಮದ್ಯಕ್ಕೆ ಪೆಗ್ಗಿನ ಲೆಕ್ಕ ಇರುವಂತೆ ಇದಕ್ಕೂ ಒಂದು ಲೆಕ್ಕವಿರಲಿ ಎಂಬ ಯತ್ನ ಅದು.

ಪ್ರಬಲವಾದದ್ದನ್ನು ಕಡಿಮೆ ಸೇದಿದರೆ ಹೊಗೆಯೂ ಕಡಿಮೆಯಾಗುತ್ತದಲ್ಲ ಎಂಬ ವಾದವೊಂದಿದೆ. ಅದರಲ್ಲಿ ತಕ್ಕಮಟ್ಟಿಗೆ ಹುರುಳಿದೆ, ಆದರೆ ಸೇವಿಸುವವರು ಪ್ರಬಲತೆಗೆ ತಕ್ಕಂತೆ ಅಳತೆಯನ್ನು ಭಾಗಶಃ ಮಾತ್ರ ತಗ್ಗಿಸುತ್ತಾರೆ, ಕೊನೆಗೆ ಒಳಹೋಗುವ ಟಿಎಚ್‌ಸಿ ಹೆಚ್ಚೇ ಆಗಿರುತ್ತದೆ. ಎರಡರ ನಡುವೆ ಆರಿಸಬೇಕಾದಾಗ ಸೌಮ್ಯವಾದದ್ದನ್ನೇ ಆರಿಸುವುದು ಉಚಿತ. ಸಾಂದ್ರ ಪದಾರ್ಥಗಳನ್ನು ಹೊಸಬರು ಮುಟ್ಟದಿರುವುದೇ ಲೇಸು.

ಗಾಂಜಾದಲ್ಲೇ ಇರುವ ಸಿಬಿಡಿ ಎಂಬ ಇನ್ನೊಂದು ಅಂಶ ಅಮಲೇರಿಸುವುದಿಲ್ಲ. ಅದು ಹೆಚ್ಚಿದ್ದರೆ ಟಿಎಚ್‌ಸಿಯ ದುಷ್ಪರಿಣಾಮ ತಗ್ಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 46 ಆರೋಗ್ಯವಂತ ಸ್ವಯಂಸೇವಕರಿಗೆ 10 ಮಿಲಿಗ್ರಾಂ ಟಿಎಚ್‌ಸಿಯ ಜೊತೆ ಬೇರೆ ಬೇರೆ ಪ್ರಮಾಣದ ಸಿಬಿಡಿ ಕೊಟ್ಟು ನೋಡಲಾಯಿತು. ನೆನಪಿನ ಶಕ್ತಿಯ ಕುಸಿತವಾಗಲಿ, ಸೈಕೋಸಿಸ್ ಬಗೆಯ ಅನುಭವಗಳಾಗಲಿ ಸಿಬಿಡಿಯಿಂದ ಕಡಿಮೆಯಾಗಲಿಲ್ಲ. ಸಿಬಿಡಿ ಹೆಚ್ಚಿರುವ ತಳಿಗಳಲ್ಲಿ ಟಿಎಚ್‌ಸಿ ಸಾಮಾನ್ಯವಾಗಿ ಕಡಿಮೆ ಇರುತ್ತದೆ ಎಂಬ ಕಾರಣಕ್ಕೆ ಅವು ಸೌಮ್ಯವಾಗಿರಬಹುದು. ಆದರೆ ಸಿಬಿಡಿಯನ್ನೇ ರಕ್ಷಾಕವಚವೆಂದು ನಂಬಿ ಟಿಎಚ್‌ಸಿ ಹೆಚ್ಚಿಸುವುದು ತಪ್ಪು ಲೆಕ್ಕ.

ಹೊಗೆ, ಆವಿ, ಆಹಾರ

ಗಾಂಜಾ ಹೊಗೆಯಲ್ಲಿ ತಂಬಾಕಿನ ಹೊಗೆಯಲ್ಲಿರುವ ಟಾರ್, ಕಾರ್ಬನ್ ಮಾನಾಕ್ಸೈಡ್ ಮೊದಲಾದ ವಿಷಗಳಲ್ಲಿ ಬಹುಪಾಲು ಇವೆ. ಗಿಡಮೂಲಿಕೆ ಎಂಬ ಕಾರಣಕ್ಕೆ ಹೊಗೆ ಸೌಮ್ಯವಾಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಹೊರತಂದ ಪರಾಮರ್ಶೆಯು ದೀರ್ಘಕಾಲ ಗಾಂಜಾ ಸೇದುವವರಲ್ಲಿ ಕೆಮ್ಮು, ಕಫ, ಪದೇ ಪದೇ ಬರುವ ಬ್ರಾಂಕೈಟಿಸ್ (ಶ್ವಾಸನಾಳಗಳ ಉರಿಯೂತ) ಹೆಚ್ಚು ಎಂಬುದಕ್ಕೆ ಬಲವಾದ ಪುರಾವೆಯನ್ನು ಕಂಡಿತು. ಶ್ವಾಸಕೋಶದ ಕ್ಯಾನ್ಸರಿನ ಜೊತೆ ಸಂಬಂಧವನ್ನು ಅದು ಕಾಣಲಿಲ್ಲ. ಈ ಎರಡನೆಯ ಮಾತನ್ನು ಹಿಡಿದುಕೊಂಡು ಹೊಗೆ ನಿರಪಾಯವೆಂದು ಸಾರುವವರಿದ್ದಾರೆ. ಸೇದುವವರಲ್ಲಿ ಅನೇಕರು ತಂಬಾಕನ್ನೂ ಸೇದುವುದರಿಂದ ಈ ವಿಷಯವನ್ನು ಬಿಡಿಸಿ ನೋಡುವುದು ಕಷ್ಟ ಎಂಬುದನ್ನು ಅವರು ಮರೆಯುತ್ತಾರೆ.

ಸೇದುವುದನ್ನು ಬಿಡದವರು ಮಾಡಬಹುದಾದ ಅತ್ಯಂತ ಸುಲಭದ ಬದಲಾವಣೆಯೆಂದರೆ ದಮ್ಮು ಎಳೆದು ಉಸಿರು ಬಿಗಿಹಿಡಿಯುವ ಅಭ್ಯಾಸವನ್ನು ಕೈಬಿಡುವುದು. ಟಿಎಚ್‌ಸಿಯಲ್ಲಿ ಬಹುಭಾಗ ಮೊದಲ ಕೆಲವು ಸೆಕೆಂಡುಗಳಲ್ಲೇ ರಕ್ತ ಸೇರಿರುತ್ತದೆ. ಆಮೇಲೆ ಹಿಡಿದಿಟ್ಟ ಉಸಿರಿನಿಂದ ಶ್ವಾಸಕೋಶಕ್ಕೆ ಸಿಗುವುದು ಹೆಚ್ಚುವರಿ ಟಾರ್ ಮಾತ್ರ. ನೀರಿನ ಮೂಲಕ ಹೊಗೆ ಎಳೆಯುವ ಬಾಂಗ್ ಕೊಳವೆ ಹೊಗೆಯನ್ನು ತಂಪಾಗಿಸುತ್ತದೆ ನಿಜ, ಆದರೆ ತಂಪಾದ ಹೊಗೆಯನ್ನು ಇನ್ನಷ್ಟು ಆಳಕ್ಕೆ, ಇನ್ನಷ್ಟು ಹೆಚ್ಚು ಎಳೆಯಲು ಅದು ಅನುವು ಮಾಡಿಕೊಡುತ್ತದೆ. ಶೋಧಕವೆಂದು ಅದನ್ನು ನಂಬಬಾರದು. ಚಿಲುಮೆಯನ್ನೋ ಜಾಯಿಂಟನ್ನೋ ಬಾಯಿಂದ ಬಾಯಿಗೆ ದಾಟಿಸುವುದರಿಂದ ಸೋಂಕು ಹರಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಣ ಹೂವನ್ನು ಸುಡದೆ, ಸುಮಾರು 180ರಿಂದ 210 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಆವಿ ಎಳೆಯುವ ಸಾಧನಗಳಲ್ಲಿ ದಹನದಿಂದ ಹುಟ್ಟುವ ವಿಷಗಳು ಕಡಿಮೆ. ಶ್ವಾಸಕೋಶಕ್ಕೆ ಸಂಬಂಧಿಸಿದಷ್ಟಕ್ಕೆ ಇದು ಹೊಗೆಗಿಂತ ಉತ್ತಮ ಆಯ್ಕೆ. ಇಲ್ಲೂ ಒಂದು ತಿರುವಿದೆ: ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಪರೂಪಕ್ಕೆ ಸೇವಿಸುವ 17 ಮಂದಿಗೆ ಒಂದೇ ಪ್ರಮಾಣದ ಟಿಎಚ್‌ಸಿ ಕೊಟ್ಟಾಗ, ಹೊಗೆಗಿಂತ ಆವಿಯಿಂದ ಹೆಚ್ಚು ಅಮಲು, ಹೆಚ್ಚು ಗಾಬರಿ, ಹೆಚ್ಚು ಗೊಂದಲ ಉಂಟಾಯಿತು. ಆದುದರಿಂದ ಹೊಗೆಯಿಂದ ಆವಿಗೆ ಬದಲಾಗುವವರು ಪ್ರಮಾಣವನ್ನು ಮೊದಲಿಗಿಂತ ಇಳಿಸಿಯೇ ಆರಂಭಿಸಬೇಕು.

ವಿದ್ಯುತ್ತಿನಿಂದ ಕಾಯಿಸಿ ಆವಿ ಎಳೆಯುವ, ಗಾಂಜಾ ಎಣ್ಣೆ ತುಂಬಿದ ವೇಪ್ ಕಾರ್ಟ್ರಿಜ್‌ಗಳನ್ನು ಈ ಒಣ ಆವಿಯ ಸಾಧನಗಳ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಬಳಸಿದ ಯುವಕರು ಉಸಿರಾಟದ ತೀವ್ರ ತೊಂದರೆಯಿಂದ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿಯ ಹೊತ್ತಿಗೆ 2,807 ಪ್ರಕರಣಗಳು, 68 ಸಾವುಗಳು ದಾಖಲಾಗಿದ್ದವು. ಹೆಚ್ಚಿನವರು ಬಳಸಿದ್ದು ಅನಧಿಕೃತ ಮೂಲಗಳಿಂದ ಬಂದ ಟಿಎಚ್‌ಸಿ ಕಾರ್ಟ್ರಿಜ್‌ಗಳನ್ನು, ಮತ್ತು ಎಣ್ಣೆಯನ್ನು ಮಂದವಾಗಿಸಲು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಈ ಕಾಯಿಲೆಯ ಜೊತೆ ಬಲವಾಗಿ ತಳಕು ಹಾಕಿಕೊಂಡಿತ್ತು. ಒಳಗೇನಿದೆಯೆಂದು ಪರೀಕ್ಷೆಗೊಳಪಡದ ಕಾರ್ಟ್ರಿಜ್‌ಗಿಂತ ಹೂವಿನ ಹೊಗೆಯೇ ಮೇಲೆಂದು ಹೇಳಬೇಕಾಗಿ ಬರುವುದು ವಿಚಿತ್ರವಾದರೂ, ಆ ವರ್ಷದ ಅನುಭವ ಅದನ್ನೇ ಹೇಳುತ್ತದೆ.

ಇನ್ನು ತಿನ್ನುವುದು. ಶ್ವಾಸಕೋಶ ಇಲ್ಲಿ ಪೂರ್ತಿಯಾಗಿ ಪಾರಾಗುತ್ತದೆ. ಅಸ್ತಮಾ ಅಥವಾ ಹಳೆಯ ಕೆಮ್ಮು ಇರುವವರಿಗೆ ಇದು ದೊಡ್ಡ ಅನುಕೂಲ. ಅದಕ್ಕೆ ಪ್ರತಿಯಾಗಿ ತೆರಬೇಕಾದ ಬೆಲೆ ಸಮಯದ ಅನಿಶ್ಚಿತತೆ. ಸೇದಿದಾಗ ಅಮಲು ನಿಮಿಷಗಳಲ್ಲಿ ಏರಿ, ಅರ್ಧ ಗಂಟೆಯೊಳಗೆ ತುದಿ ಮುಟ್ಟಿ, ಎರಡರಿಂದ ನಾಲ್ಕು ಗಂಟೆಗಳಲ್ಲಿ ಇಳಿಯುತ್ತದೆ. ತಿಂದಾಗ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಏನೂ ಆಗದಂತೆ ತೋರಬಹುದು. ತುದಿ ಮುಟ್ಟಲು ಎರಡರಿಂದ ನಾಲ್ಕು ಗಂಟೆ ಬೇಕು, ಪರಿಣಾಮ 12 ಗಂಟೆಗಳವರೆಗೂ ಎಳೆಯಬಹುದು. ಜೀರ್ಣಾಂಗದ ಮೂಲಕ ಹೋದ ಟಿಎಚ್‌ಸಿಯ ಒಂದು ಭಾಗವನ್ನು ಯಕೃತ್ತು 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ, ಅಷ್ಟೇ ಅಥವಾ ಅದಕ್ಕಿಂತ ಪ್ರಬಲವಾದ ರೂಪಕ್ಕೆ ಬದಲಿಸುತ್ತದೆ. ಏನೂ ಆಗಲಿಲ್ಲವೆಂದು ಮುಕ್ಕಾಲು ಗಂಟೆಗೇ ಇನ್ನೊಂದು ತುಂಡು ತಿಂದವರು ಎರಡನ್ನೂ ಒಟ್ಟಿಗೆ ಎದುರಿಸಬೇಕಾಗುತ್ತದೆ. ಆಹಾರರೂಪದ ಗಾಂಜಾದಿಂದ ಆಸ್ಪತ್ರೆ ಸೇರುವವರ ಕಥೆ ಬಹುಮಟ್ಟಿಗೆ ಇಷ್ಟೇ. ಹೊಸಬರಿಗೆ ಒಂದು ಸಲಕ್ಕೆ 2.5 ಮಿಲಿಗ್ರಾಂ ಟಿಎಚ್‌ಸಿಯೇ ಗರಿಷ್ಠ ಎಂದು ಭಾವಿಸುವುದು ಒಳ್ಳೆಯದು. ಮತ್ತೆ ತಿನ್ನುವ ಯೋಚನೆ ಅದೇ ದಿನ ಬೇಡ.

ಅಳತೆ ನಮೂದಿಸಿ, ಪರೀಕ್ಷೆಗೊಳಪಟ್ಟ ತಿನಿಸಿಗೂ, ಮನೆಯಲ್ಲಿ ತಯಾರಿಸಿದ್ದಕ್ಕೂ ಇರುವ ವ್ಯತ್ಯಾಸ ಬಹಳ. ಕೈಯಿಂದ ಕಲಸಿದ ಹಿಟ್ಟಿನಲ್ಲಿ ಟಿಎಚ್‌ಸಿ ಸಮನಾಗಿ ಹರಡಿರುವುದಿಲ್ಲ, ಒಂದು ತುಂಡಿನಲ್ಲಿ ಏನೂ ಇಲ್ಲದೆ ಪಕ್ಕದ್ದರಲ್ಲಿ ಮೂರು ಪಾಲು ಇರಬಹುದು. ಅದಕ್ಕಿಂತ ಗಂಭೀರವಾದದ್ದು ಮಕ್ಕಳ ವಿಷಯ. ಅಮೆರಿಕದಲ್ಲಿ ಆರು ವರ್ಷದೊಳಗಿನ ಮಕ್ಕಳು ಗಾಂಜಾ ತಿನಿಸನ್ನು ಆಕಸ್ಮಿಕವಾಗಿ ತಿಂದ ಪ್ರಕರಣಗಳಲ್ಲಿ ವಿಷಮಾಹಿತಿ ಕೇಂದ್ರಗಳಿಗೆ ವರದಿಯಾದವು 2017ರಲ್ಲಿ 207, 2021ರಲ್ಲಿ 3,054. ಮಿಠಾಯಿಯಂತೆ ಕಾಣುವ ಪದಾರ್ಥವನ್ನು ಮಗು ಬಿಡುವುದಿಲ್ಲ, ಮತ್ತು ದೊಡ್ಡವರಿಗೆ ಮಂಪರು ತರುವಷ್ಟು ಪ್ರಮಾಣ ಮಗುವಿನ ಪ್ರಜ್ಞೆಯನ್ನೂ ಉಸಿರಾಟವನ್ನೂ ಕುಂದಿಸಬಲ್ಲದು. ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿಡುವ ವ್ಯವಸ್ಥೆ ಇಲ್ಲದಿದ್ದರೆ ಈ ಆಯ್ಕೆಯನ್ನೇ ಪಟ್ಟಿಯಿಂದ ತೆಗೆದುಹಾಕಬೇಕು.

ಹೀಗೆ ನೋಡಿದರೆ, ಅಳತೆ ಗೊತ್ತಿರುವ ತಿನಿಸು ಮತ್ತು ಒಣ ಹೂವಿನ ಆವಿ ಇವೆರಡೂ ಹೊಗೆಗಿಂತ ಮುಂದಿವೆ. ಅಳತೆ ಗೊತ್ತಿಲ್ಲದ ತಿನಿಸು ಹೊಸಬರ ಮಟ್ಟಿಗೆ ಹೊಗೆಗಿಂತಲೂ ಹಿಂದಿದೆ.

ಬೆರಕೆಗಳು

ತಂಬಾಕಿನ ಜೊತೆ ಬೆರೆಸಿ ಸೇದುವುದಕ್ಕೂ ಗಾಂಜಾ ಒಂದನ್ನೇ ಸೇದುವುದಕ್ಕೂ ಹೋಲಿಕೆಯಲ್ಲಿ ಗೊಂದಲಕ್ಕೆ ಆಸ್ಪದವಿಲ್ಲ: ಬೆರೆಸುವವರು ಒಂದು ಚಟದ ಜೊತೆ ನಿಕೋಟಿನ್ನಿನ ಇನ್ನೊಂದು ಚಟವನ್ನು ಕೊಂಡುಕೊಳ್ಳುತ್ತಾರೆ, ಮುಂದೆ ಎರಡನ್ನೂ ಬಿಡುವುದು ಕಷ್ಟವಾಗುತ್ತದೆ. ಮದ್ಯದ ಜೊತೆ ಸೇವಿಸಿದಾಗ ರಕ್ತದಲ್ಲಿ ಟಿಎಚ್‌ಸಿ ಮಟ್ಟ ಇನ್ನಷ್ಟು ಏರುತ್ತದೆ. ತಲೆಸುತ್ತು, ವಾಂತಿ, ಸಮತೋಲ ತಪ್ಪುವುದು ಎರಡರ ಮೊತ್ತಕ್ಕಿಂತ ಹೆಚ್ಚೆನಿಸಬಹುದು. ನಿದ್ದೆ ಮಾತ್ರೆ, ಓಪಿಯಾಯ್ಡ್ (ಅಫೀಮಿನ ಬಗೆಯ) ನೋವುನಿವಾರಕಗಳ ಜೊತೆ ಮಂಪರು ಅಪಾಯದ ಮಟ್ಟಕ್ಕೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಗಾಂಜಾ ಆ ಔಷಧಿಯ ಪರಿಣಾಮ ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಲ್ಲದು. ವೈದ್ಯರ ಮುಂದೆ ಸಂಕೋಚವಿಲ್ಲದೆ ವಿಷಯ ಹೇಳಬೇಕಾದ ಸಂದರ್ಭ ಇದು.

ಸ್ಪೈಸ್, ಕೆ2 ಎಂಬ ಹೆಸರುಗಳಲ್ಲಿ ಮಾರಾಟವಾಗುವ ಕೃತಕ ಪದಾರ್ಥಗಳನ್ನು ಗಾಂಜಾದ ಬದಲಿಯೆಂದು ಪರಿಗಣಿಸಲೇಬಾರದು. ಟಿಎಚ್‌ಸಿ ಸಿಬಿ1 ಗ್ರಾಹಕವನ್ನು ಭಾಗಶಃ ಮಾತ್ರ ಪ್ರಚೋದಿಸಿದರೆ, ಇವುಗಳಲ್ಲಿ ಹೆಚ್ಚಿನವು ಪೂರ್ಣವಾಗಿ ಪ್ರಚೋದಿಸುತ್ತವೆ. ಫಿಟ್ಸ್, ಮೂತ್ರಪಿಂಡದ ಹಾನಿ, ಸಾವು ಇವೆಲ್ಲ ವರದಿಯಾಗಿವೆ. ನೈಜ ಗಾಂಜಾದಲ್ಲೂ ಕಲಬೆರಕೆಯ ಭಯ ಇಲ್ಲದಿಲ್ಲ: 2007ರಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ತೂಕ ಹೆಚ್ಚಿಸಲು ಸೀಸ ಬೆರೆಸಿದ ಗಾಂಜಾ ಸೇದಿ ಹಲವರು ಸೀಸದ ವಿಷಬಾಧೆಗೆ ಒಳಗಾದರು. ಬೂಷ್ಟು ಹಿಡಿದದ್ದನ್ನು ಎಸೆಯಬೇಕು. ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದರ ಶಿಲೀಂಧ್ರ ಪ್ರಾಣಾಂತಿಕವಾಗಬಲ್ಲದು.

ಹೋಲಿಕೆಗೆ ಅವಕಾಶವಿಲ್ಲದವರು

ಕೆಲವರಿಗೆ ಮೇಲಿನ ಯಾವ ಆಯ್ಕೆಯೂ ಅನ್ವಯಿಸುವುದಿಲ್ಲ. ಮೆದುಳಿನ ಬೆಳವಣಿಗೆ ಸುಮಾರು 25ರ ವಯಸ್ಸಿನವರೆಗೆ ಮುಂದುವರಿಯುವುದರಿಂದ ಹದಿಹರೆಯದವರು, ತಮಗೋ ಹತ್ತಿರದ ರಕ್ತಸಂಬಂಧಿಗಳಿಗೋ ಸ್ಕಿಜೋಫ್ರೇನಿಯಾ (ವಾಸ್ತವದ ಅರಿವು ದೀರ್ಘಕಾಲ ಕದಡುವ ಮನೋರೋಗ) ಅಥವಾ ಸೈಕೋಸಿಸ್ ಬಂದಿರುವವರು, ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು ದೂರವಿರುವುದೊಂದೇ ಸೂಕ್ತ. ಗರ್ಭಾವಸ್ಥೆಯ ಸೇವನೆಗೂ ಶಿಶುವಿನ ಜನನಕಾಲದ ಕಡಿಮೆ ತೂಕಕ್ಕೂ ಸಂಬಂಧವಿದೆ. ಟಿಎಚ್‌ಸಿ ಎದೆಹಾಲಿಗೂ ಇಳಿಯುತ್ತದೆ. ವಾಕರಿಕೆಗೆ ಗಾಂಜಾ ಒಳ್ಳೆಯದೆಂಬ ಮಾತು ಗರ್ಭಿಣಿಯರ ಕಿವಿಗೂ ಬೀಳುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಹೃದ್ರೋಗ ಇರುವವರದೂ ಇದೇ ಸಾಲು: ಸೇವಿಸಿದ ಕೂಡಲೇ ಎದೆಬಡಿತ ನಿಮಿಷಕ್ಕೆ 20ರಿಂದ 50ರಷ್ಟು ಏರಬಹುದು, ಸೇದಿದ ನಂತರದ ಮೊದಲ ಗಂಟೆಯಲ್ಲಿ ಹೃದಯಾಘಾತದ ಸಂಭವ ಏರುವುದನ್ನು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ.

ವಾಹನ ಚಾಲನೆಯ ವಿಷಯದಲ್ಲಿ ಎಲ್ಲರೂ ಇದೇ ಸಾಲಿನವರು. ಸೇದಿದ ಮೇಲೆ ಕನಿಷ್ಠ ಆರು ಗಂಟೆ, ತಿಂದ ಮೇಲೆ ಅದಕ್ಕೂ ಹೆಚ್ಚು, ಅಂದರೆ ಮರುದಿನದವರೆಗೆ ವಾಹನ ಮುಟ್ಟಬಾರದು. ಜೊತೆಗೆ ಕುಡಿದಿದ್ದರೆ ಗಂಟೆಗಳ ಲೆಕ್ಕವೇ ಬೇಡ. ಅಮಲು ಇಳಿಯಿತೆಂಬ ಸ್ವಂತ ಅನಿಸಿಕೆ ಇಲ್ಲಿ ನಂಬಲರ್ಹ ಸಾಕ್ಷಿಯಲ್ಲ.

ತಗ್ಗಿಸುವುದೋ, ಒಮ್ಮೆಗೇ ಬಿಡುವುದೋ

ವರ್ಷಗಟ್ಟಲೆ ಸೇವಿಸುವ ಕೆಲವರಲ್ಲಿ ಪದೇ ಪದೇ ವಿಪರೀತ ವಾಂತಿ, ಹೊಟ್ಟೆನೋವು ಕಾಣಿಸಿಕೊಳ್ಳುತ್ತದೆ. ಬಿಸಿನೀರಿನ ಸ್ನಾನದಿಂದ ಮಾತ್ರ ತುಸು ಹಾಯೆನಿಸುತ್ತದೆ. 2004ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಮೊದಲು ವಿವರಿಸಿದ ಈ ತೊಂದರೆಯನ್ನು ಶಮನಗೊಳಿಸಲೆಂದು ಇನ್ನಷ್ಟು ಗಾಂಜಾ ಸೇವಿಸುವವರೂ ಇದ್ದಾರೆ, ಅದು ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ಇಂಥವರಿಗೆ ಪ್ರಮಾಣ ತಗ್ಗಿಸಿದರೆ ಸಾಲದು, ಪೂರ್ತಿ ಬಿಟ್ಟರೆ ಮಾತ್ರ ಗುಣವಾಗುತ್ತದೆ.

ಉಳಿದವರಲ್ಲಿ ಒಮ್ಮೆಗೇ ಬಿಡುವುದು ಮದ್ಯದ ಚಟದಲ್ಲಿರುವಂತೆ ಪ್ರಾಣಾಪಾಯದ ಹೆಜ್ಜೆಯಲ್ಲ. ಬಿಟ್ಟ ಒಂದೆರಡು ದಿನಗಳಲ್ಲಿ ಸಿಡುಕು, ನಿದ್ರಾಹೀನತೆ, ವಿಚಿತ್ರ ಕನಸುಗಳು, ಹಸಿವಿಲ್ಲದಿರುವುದು, ಬೆವರುವುದು ಆರಂಭವಾಗಿ, ಮೊದಲ ವಾರದಲ್ಲಿ ತೀವ್ರವಾಗಿ, ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ತಗ್ಗುತ್ತವೆ. ನಿದ್ದೆಯ ತೊಂದರೆ ಮಾತ್ರ ಇನ್ನಷ್ಟು ದಿನ ಎಳೆಯಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗವರ್ಗೀಕರಣದಲ್ಲಿ ಇದಕ್ಕೆ ಸ್ವತಂತ್ರ ಸ್ಥಾನ ಸಿಕ್ಕಿದೆ, ಆದ್ದರಿಂದ ಇದನ್ನು ಬರೀ ಮನೋದೌರ್ಬಲ್ಯವೆಂದು ಹೀಗಳೆಯುವುದು ಸಲ್ಲ. ದಿನಕ್ಕೆ ಹಲವು ಸಲ ಸೇವಿಸುವವರಿಗೆ, ಮೊದಲ ಸೇವನೆಯ ಹೊತ್ತನ್ನು ದಿನದಿಂದ ದಿನಕ್ಕೆ ಮುಂದೂಡುತ್ತಾ, ವಾರಕ್ಕೊಂದು ದಿನವನ್ನು ಖಾಲಿ ಬಿಡುತ್ತಾ ಇಳಿಸುವ ಕ್ರಮ ಹೆಚ್ಚು ಸಹನೀಯ. ಅಳತೆಯಿಟ್ಟು ಇಳಿಸಲು ಆಗದವರಿಗೆ, ‘ಇಂದು ಸ್ವಲ್ಪ’ ಎನ್ನುತ್ತಾ ಪ್ರತಿದಿನವೂ ಹಳೆಯ ಪ್ರಮಾಣಕ್ಕೇ ಮರಳುವವರಿಗೆ, ಒಮ್ಮೆಗೇ ಬಿಡುವುದೇ ಸುಲಭ. ಸೈಕೋಸಿಸ್‌ನ ಲಕ್ಷಣಗಳಿದ್ದವರು, ಖಿನ್ನತೆಯಿಂದ ಬಳಲುವವರು ಎರಡರಲ್ಲಿ ಯಾವುದನ್ನು ಆರಿಸಿದರೂ ವೈದ್ಯರ ಜೊತೆಯಲ್ಲಿ ಮಾಡಬೇಕು. ಈ ಚಟಕ್ಕೆಂದೇ ಅನುಮೋದನೆ ಪಡೆದ ಔಷಧಿ ಸದ್ಯಕ್ಕಿಲ್ಲ. ಆಪ್ತಸಮಾಲೋಚನೆ, ಅದರಲ್ಲೂ ಯೋಚನೆ ಮತ್ತು ನಡವಳಿಕೆಗಳ ಮೇಲೆ ಕೆಲಸ ಮಾಡುವ ಚಿಕಿತ್ಸೆ ಹಾಗೂ ಬಿಡುವ ಇಚ್ಛೆಯನ್ನು ಬಲಪಡಿಸುವ ಮಾತುಕತೆ, ಇವೆರಡಕ್ಕೇ ಪುರಾವೆಯ ಬೆಂಬಲ ಹೆಚ್ಚು. ಮನೋವೈದ್ಯರೋ ವ್ಯಸನಮುಕ್ತಿ ಕೇಂದ್ರವೋ ಇವನ್ನು ಒದಗಿಸುತ್ತವೆಯೇ ಎಂದು ಮೊದಲೇ ಕೇಳಿಕೊಂಡು ಹೋಗುವುದು ಒಳಿತು.